ಬಿನ್ನವತ್ತಳೆಯಲ್ಲಿ ಕೆಲಸ ಕಾಣಲಿ

ನವೆಂಬರ್ ಬಂತೆಂದರೆ ಊರೂರಲ್ಲೂ ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಕೊನೆಗೊಂದು ಗಾಜಿನ ಫ್ರೇಮು, ಅದರಲ್ಲಿ ಬಿನ್ನವತ್ತಳೆ, ಅಂದರೆ ಸನ್ಮಾನಪತ್ರ. ಹಾರ ಸಂಜೆಗೆ ಬಾಡುತ್ತದೆ, ಹಣ್ಣು ನಾಲ್ಕು ದಿನಕ್ಕೆ ಮುಗಿಯುತ್ತದೆ. ಆ ಮನೆಯ ಗೋಡೆ ಮೇಲೆ ಉಳಿಯುವುದು ಫ್ರೇಮು ಮಾತ್ರ. ಅದರೊಳಗೇನಿದೆ ಎಂದು ಓದಿ ನೋಡಿ: 'ಎಲೆಮರೆಯ ಕಾಯಿ', 'ಬಹುಮುಖ ಪ್ರತಿಭೆ', 'ನಾಡಿನ ಹೆಮ್ಮೆಯ ಪುತ್ರ'. ಹೆಸರು ಅಳಿಸಿ ಪಕ್ಕದೂರಿನ ಇನ್ನೊಬ್ಬರ ಹೆಸರು ಬರೆದರೂ ಒಂದಕ್ಷರ ತಿದ್ದಬೇಕಾಗಿಲ್ಲ. ಅಷ್ಟು ದೂರ ನಡೆದುಬಂದು ವೇದಿಕೆ ಹತ್ತಿದವರಿಗೆ ಇದಕ್ಕಿಂತ ದೊಡ್ಡ ಅಗೌರವ ಇಲ್ಲ ಎಂದೇ ನನ್ನ ಅಭಿಪ್ರಾಯ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನೇ ನೋಡಿ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಅವರ ಫೋಟೊ ಎಲ್ಲರ ಮೊಬೈಲಿಗೂ ಬಂತು. ಬರಿಗಾಲಿನ ಬಗ್ಗೆ ಬರೆದಷ್ಟು ಅವರ ಕೈಗಳ ಬಗ್ಗೆ ನಾವು ಬರೆಯಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದ ಅವರಿಗೆ ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜವನ್ನು ಯಾವಾಗ ಆರಿಸಿದರೆ ಚೆನ್ನಾಗಿ ಮೊಳೆಯುತ್ತದೆ ಎಂಬುದು ಕರಗತವಾಗಿತ್ತು. 'ವೃಕ್ಷಮಾತೆ' ಎಂಬ ಬಿರುದಿಗಿಂತ ಈ ಒಂದು ವಾಕ್ಯ ಅವರಿಗೆ ಹೆಚ್ಚು ಸಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ತಿಳಿವಳಿಕೆಯನ್ನು ಇನ್ನು ಅವರನ್ನೇ ಕೇಳಿ ಬರೆದುಕೊಳ್ಳುವಂತಿಲ್ಲ.

ಹಾಗಾಗಿ ಸನ್ಮಾನದ ಕೆಲಸ ಶುರುವಾಗಬೇಕಾದದ್ದು ಶಾಮಿಯಾನದಿಂದಲ್ಲ, ಬಿನ್ನವತ್ತಳೆಯಿಂದ. ಕನಿಷ್ಠ ಒಂದು ತಿಂಗಳು ಮೊದಲೇ ಇಬ್ಬರು ಸನ್ಮಾನಿತರ ಮನೆಗೆ ಹೋಗಲಿ. ಹೆಸರು, ಇನಿಷಿಯಲ್ಲು, ಊರು ಇವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಹುಟ್ಟಿದ ಊರು ಬೇರೆ, ಬೆಳೆದ ಊರು ಬೇರೆ ಎಂಬುದನ್ನು ಮರೆಯಬೇಡಿ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅಂಥವರ ವಿಷಯದಲ್ಲೇ ಭಾಷಣಕಾರರು ಎಡವುತ್ತಾರೆ, ಇನ್ನು ಉಳಿದವರ ಪಾಡೇನು?

ಆಮೇಲೆ ಕೆಲಸ. ಏನು ಮಾಡಿದರು, ಎಲ್ಲಿ, ಯಾವ ವರ್ಷದಿಂದ, ಅದಕ್ಕೂ ಮುಂಚೆ ಅಲ್ಲಿ ಏನಿತ್ತು, ಈಗ ಏನಿದೆ. ವಿಶ್ವೇಶ್ವರಯ್ಯನವರನ್ನು 'ಮಹಾನ್ ಇಂಜಿನಿಯರ್' ಎಂದರೆ ಮಕ್ಕಳ ತಲೆಯಲ್ಲಿ ಏನೂ ಮೂಡುವುದಿಲ್ಲ. ಮುದ್ದೇನಹಳ್ಳಿಯ ಹುಡುಗ ಮುಂದೆ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದರು ಎಂದು ಹೇಳಿ, 'ಅದು ಹೇಗೆ ಕೆಲಸ ಮಾಡುತ್ತೆ?' ಎಂದು ಒಬ್ಬರಾದರೂ ಕೇಳುತ್ತಾರೆ. ಸೋತದ್ದನ್ನೂ ಬಿಡಬೇಡಿ. ಬಂಟ್ವಾಳ ತಾಲ್ಲೂಕಿನ ಕೃಷಿಕ ಅಮೈ ಮಹಾಲಿಂಗ ನಾಯ್ಕರು ನೀರಿಗಾಗಿ ಗುಡ್ಡ ಕೊರೆದು ತೆಗೆದ ಮೊದಲ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆ ಒಣ ಸುರಂಗಗಳನ್ನು ಬಿಟ್ಟು ಬರೆದರೆ 2022ರ ಪದ್ಮಶ್ರೀ ಯಾಕೆ ಬಂತೆಂಬುದೇ ಅರ್ಥವಾಗದು. 'ಲಕ್ಷಾಂತರ', 'ಸಾವಿರಾರು' ಎಂಬ ಲೆಕ್ಕವನ್ನು ಪರಿಶೀಲಿಸಲು ಆಗದಿದ್ದರೆ ಬರೆಯಲೇಬೇಡಿ, ಬದಲಿಗೆ ಜಾಗದ ಹೆಸರು ಹಾಕಿ.

ಒಟ್ಟು 100ರಿಂದ 120 ಪದ ಸಾಕು. ಅದು ಎ3 ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಕೂರುತ್ತದೆ, ಓದಲು ಎರಡು ನಿಮಿಷ ದಾಟುವುದಿಲ್ಲ. ಅಕ್ಷರದ ಹಿಂದೆ ಮಸುಕು ಫೋಟೊ ಹಾಕಿಸಬೇಡಿ, ವಯಸ್ಸಾದವರ ಕಣ್ಣಿಗೆ ಓದಲಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಅಕ್ಷರ ಜೋಡಿಸುವ ಡಿಟಿಪಿ ಅಂಗಡಿಯಲ್ಲಿ. ನೀವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್. ಅಲ್ಲಿ ಎಷ್ಟೋ ಕಡೆ ಈಗಲೂ ಹಳೆಯ ನುಡಿ ಫಾಂಟು, ಎರಡರ ಅಕ್ಷರ ಸಂಕೇತ ಬೇರೆ ಬೇರೆ. ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ನೀವು ಕಳಿಸಿದ ಮೆಸೇಜನ್ನು ಮತ್ತೆ ಓದಿ ಪ್ರಯೋಜನವಿಲ್ಲ, ಅವರು ತೆಗೆದ ಪ್ರಿಂಟನ್ನೇ ಓದಿ. ಆ ಪ್ರಿಂಟು ಹತ್ತು ದಿನ ಮುಂಚೆ ಸನ್ಮಾನಿತರ ಮನೆಯವರ ಕೈಗೂ ಹೋಗಲಿ.

ಎಷ್ಟು ಜನರಿಗೆ ಸನ್ಮಾನ? ಲೆಕ್ಕ ಹಾಕಿ. ಬಿನ್ನವತ್ತಳೆ ಓದಲು ಎರಡು ನಿಮಿಷ, ಶಾಲು-ಹಾರಕ್ಕೆ ಮೂರು, ಅವರ ಮಾತಿಗೆ ಹತ್ತು. ಒಬ್ಬರಿಗೆ ಕಾಲು ಗಂಟೆ. ಹತ್ತು ಮಂದಿಯನ್ನು ಕರೆದರೆ ಎರಡೂವರೆ ಗಂಟೆ, ಅದರ ಮೇಲೆ ಅತಿಥಿಗಳ ಭಾಷಣ. ಆಗ ಕತ್ತರಿ ಬೀಳುವುದು ಯಾವಾಗಲೂ ಸಾಧಕರ ಮಾತಿಗೇ. ಮೂವರು ಸಾಕು. ಓದುವುದನ್ನು ಶಾಲು ಹೊದಿಸುವ ಮೊದಲೇ ಮುಗಿಸಿ. ಶಾಲು ಬಿಚ್ಚಿದ ಕೂಡಲೇ ಮೊಬೈಲುಗಳು ಮುತ್ತಿಕೊಳ್ಳುತ್ತವೆ, ಆಮೇಲೆ ಯಾರ ಕಿವಿಗೂ ಏನೂ ಬೀಳದು. ಭಾಷಣ ರೂಢಿಯಿಲ್ಲದವರಾದರೆ ಪಕ್ಕದಲ್ಲಿ ಕೂತು ಒಬ್ಬರು ಪ್ರಶ್ನೆ ಕೇಳಲಿ, ಮಾತು ತಾನಾಗಿ ಬರುತ್ತದೆ. ವೇದಿಕೆಯ ಮೆಟ್ಟಿಲಿಗೆ ಹಿಡಿಕೆ, ಕೈ ಇರುವ ಕುರ್ಚಿ, ಮನೆಗೆ ಬಿಡುವ ಗಾಡಿ ಇವಿಷ್ಟನ್ನು ಒಬ್ಬರ ಹೆಗಲಿಗೆ ವಹಿಸಿ. ಚೆಕ್ ಕೊಡುವುದಾದರೆ ಪಾಸ್‌ಬುಕ್ಕಿನಲ್ಲಿರುವ ಹೆಸರನ್ನೇ ಬರೆಯಿರಿ. ಊರವರು ಕರೆಯುವ ಹೆಸರಲ್ಲಿ ಬರೆದರೆ ಬ್ಯಾಂಕಿನವರು ವಾಪಸು ಕಳಿಸುತ್ತಾರೆ.

'ಸರ್ಕಾರ ಗುರುತಿಸಲಿಲ್ಲ' ಎಂದು ಕೊರಗುವವರಿಗೆ ಒಂದು ಮಾತು. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಆನ್‌ಲೈನಲ್ಲೇ ಸಲ್ಲಿಸಬೇಕು, ಸಾಧನೆಯ ವಿವರ 800 ಪದ ಮೀರಬಾರದು. ಕೊನೆಯ ದಿನಾಂಕ ಎಲ್ಲ ವರ್ಷವೂ ಒಂದೇ ಇರುವುದಿಲ್ಲ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಅಲ್ಲೂ ಬೇಕಾಗುವುದು ಕೆಲಸದ ವಿವರವೇ, ವಿಶೇಷಣವಲ್ಲ. ಊರಿನ ಬಿನ್ನವತ್ತಳೆ ನೆಟ್ಟಗಿದ್ದರೆ ಅರ್ಧ ಅರ್ಜಿ ತಯಾರಾದಂತೆ.

ಇನ್ನೊಂದು, ಸಮಾರಂಭಕ್ಕಿಂತ ಮುಖ್ಯವಾದದ್ದು: ಸಾಧಕರ ದನಿಯನ್ನು ವಿಡಿಯೊದಲ್ಲಿ ದಾಖಲಿಸಿ. ಅದಕ್ಕೆ ಮೊಬೈಲು ಸಾಕು. ಅಡ್ಡಲಾಗಿ ಹಿಡಿಯಿರಿ, ಫ್ಯಾನು ನಿಲ್ಲಿಸಿ, ಅಂಗಿಗೆ ಸಿಕ್ಕಿಸುವ ಮೈಕು ಹಾಕಿ. ಒಂದೇ ಸಲ ಮೂರು ಗಂಟೆ ಕೂರಿಸಿ ದಣಿಸಬೇಡಿ. 40 ನಿಮಿಷದಂತೆ ಮೂರು ದಿನ ಹೋಗಿ. 'ನಿಮಗೆ ಹೇಗನ್ನಿಸುತ್ತೆ?' ಎಂದು ಕೇಳಿದರೆ 'ಖುಷಿ ಆಯ್ತು' ಎಂದು ಸುಮ್ಮನಾಗುತ್ತಾರೆ. 'ಮೊದಲ ದಿನ ಏನು ಮಾಡಿದಿರಿ, ಯಾವ ಸಾಮಾನು ಇತ್ತು, ಎಲ್ಲಿ ಕೆಟ್ಟಿತು?' ಎಂದು ಕೇಳಿ. ಕೈಯಲ್ಲಿ ಏನಾದರೂ ಮಾಡುವವರಾದರೆ ಮುಖಕ್ಕಿಂತ ಕೈಗಳನ್ನು ಹೆಚ್ಚು ಹೊತ್ತು ತೋರಿಸಿ. ಫೈಲಿನ ಹೆಸರಲ್ಲೇ ಅವರ ಹೆಸರು, ಊರು, ದಿನಾಂಕ ಬರೆದು, ಒಂದು ಪ್ರತಿ ಮನೆಯವರಿಗೆ, ಒಂದು ಊರಿನ ಶಾಲೆಗೆ, ಒಂದು ಗ್ರಂಥಾಲಯಕ್ಕೆ ಕೊಡಿ.