ಬೈಯೋದಿದ್ದರೆ ಒಳಗೆ ಕರೆದು ಬೈಯಿರಿ

ಇವತ್ತು ಬೆಳಗ್ಗೆ ಬಸವನಗುಡಿ ಕಡೆ ಒಂದು ದರ್ಶಿನಿಯಲ್ಲಿ ನಿಂತು ಖಾಲಿ ದೋಸೆ ತಿನ್ನುತ್ತಿದ್ದೆ. (ಹೌದು, ಡಯಟ್ ಸೋಮವಾರದಿಂದ. ಯಾರೂ ಕಾಮೆಂಟ್ ಹಾಕಬೇಡಿ.) ಪಕ್ಕದ ಅಂಗಡಿಗಳಿಗೆ ಕಾಫಿ ಒಯ್ಯುವ ಹುಡುಗ, ಇಪ್ಪತ್ತೂ ತುಂಬಿರಲಿಕ್ಕಿಲ್ಲ, ಟ್ರೇ ಹಿಡಿದು ಹೊರಟವನು ಕಾಲು ಜಾರಿ ಅಷ್ಟೂ ಲೋಟ ಒಬ್ಬರ ಪ್ಯಾಂಟಿನ ಮೇಲೆ ಸುರಿದ. ಬಿಳಿ ಪ್ಯಾಂಟು ಬೇರೆ. ಆ ಮನುಷ್ಯ ಕೂಗಾಡಿದ್ದು ಗಾಂಧಿ ಬಜಾರಿಗೇ ಕೇಳಿಸಿರಬೇಕು.

ಸೂಪರ್‌ವೈಸರ್ ಓಡಿ ಬಂದರು. ಈಗ ಹುಡುಗನ ಕೆನ್ನೆಗೆ ಬೀಳುತ್ತೆ ಅಂತಲೇ ನಾನು ಅಂದುಕೊಂಡಿದ್ದೆ. "ಸಾರ್, ತಪ್ಪು ನಮ್ಮದೇ. ಬನ್ನಿ, ಇಲ್ಲಿ ನಲ್ಲಿ ಇದೆ" ಅಂದರು. ಹುಡುಗನ ಕಡೆ ತಿರುಗಿ, "ಕೈ ಸುಟ್ಕೊಂಡ್ಯಾ? ಒಳಗೆ ನಡಿ." ಅಷ್ಟೇ. ಆಮೇಲೆ ತಾವೇ ಬಗ್ಗಿ ಲೋಟ ಆರಿಸಿದರು.

ಮಹಾತ್ಮರು ಅಂತ ತಿಳಿಯಬೇಡಿ. ಕೈ ತೊಳೆಯೋಕೆ ಹೋದಾಗ ಅಡುಗೆಮನೆ ಬಾಗಿಲ ಸಂದಿಯಿಂದ ಕೇಳಿಸಿತು. "ಎಷ್ಟು ಸಲ ಹೇಳಿದೀನಿ ನಿಂಗೆ? ಎಂಟು ಲೋಟ ಒಂದೇ ಸಲಕ್ಕೆ ಒಯ್ಬೇಡ ಅಂತ! ಎರಡು ಟ್ರಿಪ್ ಹೊಡಿ, ಕಾಲೇನು ಸವೆದು ಹೋಗಲ್ಲ." ಚೆನ್ನಾಗೇ ಬೈದರು. ಆದರೆ ಒಳಗೆ. ಬಾಗಿಲ ಹಿಂದೆ.

ನನಗೆ ಉರಿ ಹತ್ತಿದ್ದು ಅಲ್ಲೇ. ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ನಮ್ಮ ಸಾಫ್ಟ್‌ವೇರ್ ಆಫೀಸಿನ ಟೀಮ್ ಲೀಡುಗಳನ್ನೆಲ್ಲಾ ಒಂದು ಹೋಟೆಲಿನಲ್ಲಿ ಕೂರಿಸಿ ತರಬೇತಿ ಕೊಟ್ಟರು. ಒಳ್ಳೆ ಲೀಡರ್ ಆಗೋಕೆ ದಿನಾ ಏನು ಮಾಡಬೇಕು ಅಂತ. ಬೆಳಗ್ಗೆ 5ಕ್ಕೆ ಏಳಬೇಕಂತೆ. ತಣ್ಣೀರು ಸ್ನಾನವಂತೆ. ಕೃತಜ್ಞತೆಯ ಡೈರಿಯಂತೆ. ಅಲ್ಲಾ ಸ್ವಾಮಿ, ನಾನು ಐದಕ್ಕೆ ಎದ್ದರೆ ನನ್ನ ಟೀಮಿಗೆ ಏನು ಬಂತು? ನಿದ್ದೆಗೆಟ್ಟ ಸಿಟ್ಟನ್ನೂ ನಾನು ಅವರ ಮೇಲೇ ತೀರಿಸಬೇಕು, ಅಷ್ಟೇ.

ಒಂದು ಸ್ಲೈಡ್ ಮಾತ್ರ ಚೆನ್ನಾಗಿತ್ತು. ಸತೀಶ್ ಧವನ್ ಅವರದು. ನಿಮಗೆಲ್ಲ ವಾಟ್ಸ್ಆ್ಯಪಲ್ಲಿ ಹತ್ತು ಸಲ ಬಂದಿರುತ್ತೆ, ಆದರೂ ಕೇಳಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3ರ ಮೊದಲ ಉಡಾವಣೆ ಸೋತು ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷರಾಗಿದ್ದ ಧವನ್. ಮುಂದಿನ ವರ್ಷ ಜುಲೈ 18ಕ್ಕೆ ರೋಹಿಣಿ ಉಪಗ್ರಹ ಕಕ್ಷೆ ಸೇರಿತಲ್ಲ, ಆಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಕಳಿಸಿದರು. ಇದನ್ನು ಕಲಾಂ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅದೇ ಕಾಲದಲ್ಲಿ ಧವನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೂ (ಅದೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ನಿರ್ದೇಶಕರು. ಕೆಲಸ ಕಮ್ಮಿ ಇತ್ತು, ಅದಕ್ಕೇ ಸಮಾಧಾನ ಇತ್ತು ಅನ್ನೋ ಹಾಗೂ ಇಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುಂದಿನ ಸಾಲಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡ ಒಬ್ಬರು ಮೊನ್ನೆ ಗುರುವಾರ ಹತ್ತೊಂಬತ್ತು ಜನರ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ, ಒಬ್ಬಳು ಹೊಸ ಹುಡುಗಿಯ ಕೋಡ್ ತೆಗೆದು, "ಇದನ್ನ ಬರೆದ ಪುಣ್ಯಾತ್ಮರು ಯಾರು? ಅನ್‌ಮ್ಯೂಟ್ ಮಾಡಿ ಹೇಳಿ, ನಾವೆಲ್ಲ ಕಲಿಯೋಣ" ಅಂದರು. ಅವಳು ಅನ್‌ಮ್ಯೂಟ್ ಮಾಡಿದಳು. ಮಾತು ಬರಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಸೀಟಿ ಮಾತ್ರ ಕೇಳಿಸಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇದೇ ಹುಡುಗಿ ಹಿಂದಿನ ತಿಂಗಳು ಎರಡು ರಾತ್ರಿ ಕೂತು ರಿಲೀಸ್ ಉಳಿಸಿದ್ದಳು. ಆಗ ಏನು ಸಿಕ್ಕಿತು? ಪರ್ಸನಲ್ ಚಾಟಿನಲ್ಲಿ ಒಂದು ಹೆಬ್ಬೆರಳು. ಬೈಗುಳಕ್ಕೆ ಹತ್ತೊಂಬತ್ತು ಜನ ಬೇಕು, ಶಹಬ್ಬಾಸ್‌ಗೆ ಮಾತ್ರ ಗುಟ್ಟು. ಮದುವೆ ದಲ್ಲಾಳಿಗಳೂ ಇಷ್ಟು ಗುಟ್ಟು ಮಾಡಲ್ಲ.

ಈಗ ಕೆಲವರು ಬರ್ತೀರಿ, ಗೊತ್ತು. "ಮೆತ್ತಗಿದ್ರೆ ತಲೆ ಮೇಲೆ ಕೂರ್ತಾರೆ ಮೇಡಂ, ಕ್ಲೈಂಟ್ ನಮ್ಮನ್ನ ಬಿಡ್ತಾನಾ?" ಬೈಬೇಡಿ ಅಂತ ಎಲ್ಲಿ ಹೇಳಿದೆ ನಾನು? ದರ್ಶಿನಿಯವರು ಬೈದರಲ್ಲ! ಎಲ್ಲಿ ನಿಂತು ಬೈದರು ಅನ್ನೋದಷ್ಟೇ ನನ್ನ ಮಾತು. ಮತ್ತೆ ಒಂದು ವಿಷಯ. ಏಮಿ ಎಡ್ಮಂಡ್ಸನ್ ಅಂತ ಒಬ್ಬರು ಸಂಶೋಧಕಿ, ತೊಂಬತ್ತರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆ ತಂಡದಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡರೆ ಲೆಕ್ಕದಲ್ಲಿ ಜಾಸ್ತಿ ಸಿಕ್ಕಿತು. ಯಾಕೆ ಅಂತ ಕೆದಕಿದರೆ, ಅಲ್ಲಿಯವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಹೆದರಿ ಮುಚ್ಚಿಡುತ್ತಿದ್ದರು. ನಮ್ಮ ಹುಡುಗಿ ಗುರುವಾರದಿಂದ ಗ್ರೂಪಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಮುಂದಿನ ಬಗ್ ಎಲ್ಲಿದೆ ಅಂತ ಅವಳಿಗೆ ಗೊತ್ತಿರುತ್ತೆ, ನಮಗೆ ಗೊತ್ತಾಗಲ್ಲ.

ಇಷ್ಟೆಲ್ಲ ಬರೆದು ನಾನು ಸಾಚಾ ಅಂತ ಕೂರೋಕೆ ಆಗಲ್ಲ. 2017ರಲ್ಲಿ ನಾನು ಹೊಸದಾಗಿ ಲೀಡ್ ಆದಾಗ ಹಾಸನದ ಕಡೆಯ ಒಬ್ಬ ಹುಡುಗನಿಗೆ ರಾತ್ರಿ ಒಂಬತ್ತೂವರೆಗೆ ಗ್ರೂಪಿನಲ್ಲೇ ಬರೆದೆ, "ಬೇಸಿಕ್ಸ್ ಗೊತ್ತಿಲ್ಲದವರು ದಯವಿಟ್ಟು ಪ್ರೊಡಕ್ಷನ್ ಮುಟ್ಟಬೇಡಿ" ಅಂತ. (ಪ್ರೊಡಕ್ಷನ್ ಅಂದರೆ ಗ್ರಾಹಕರು ಬಳಸುತ್ತಿರುವ ಅಸಲಿ ಸಿಸ್ಟಂ.) ಹೆಸರು ಹಾಕಿರಲಿಲ್ಲ, ಆದರೆ ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಬರೆದಾದ ಮೇಲೆ ಯಾರು ಯಾರು ಓದಿದರು ಅಂತ ಎರಡೆರಡು ಸಲ ತೆಗೆದು ನೋಡಿದೆ. ಖುಷಿಯಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಗೊತ್ತಾಯಿತು, ಅವನು ಅಲ್ಲಿ ಮಾಡಿದ ಬದಲಾವಣೆಗೆ ಅಪ್ರೂವಲ್ ಕೊಟ್ಟವಳು ನಾನೇ. ಗ್ರೂಪಿನಲ್ಲಿ ಅದನ್ನು ಬರೆದೆನಾ? ಇಲ್ಲ. ಎರಡು ತಿಂಗಳಿಗೆ ಅವನು ಬೇರೆ ಕಡೆ ಹೋದ.

ಅವತ್ತಿಂದ ಸಿಟ್ಟು ಬಂದರೆ ಮೊದಲು ಬಾಟಲಿ ಹಿಡಿದು ನೀರು ತುಂಬಿಸೋಕೆ ಹೋಗ್ತೀನಿ. ನಮ್ಮ ಫ್ಲೋರಿನಲ್ಲಿ ಆ ಮಷಿನ್ ತುದಿಯಲ್ಲಿದೆ, ಅದೇ ಪುಣ್ಯ. ವಾಪಸ್ ಬಂದು ಅವರೊಬ್ಬರಿಗೇ ಕಾಲ್ ಮಾಡ್ತೀನಿ. ಶುಕ್ರವಾರ ಕ್ಲೈಂಟಿಗೆ ಹೋಗುವ ಇಮೇಲಲ್ಲಿ ಯಾವ ಕೆಲಸ ಯಾರು ಮಾಡಿದ್ದು ಅಂತ ಹೆಸರು ಹಾಕ್ತೀನಿ. "ಟೀಮ್ ಮಾಡಿದೆ" ಅಂತ ಬರೆದು ತೇಲಿಸಲ್ಲ. ಇವು ಯಾವುದಕ್ಕೂ ತಣ್ಣೀರು ಸ್ನಾನ ಬೇಕಿಲ್ಲ. ಆದರೂ ತಪ್ಪುತ್ತೇನೆ. ಮೊನ್ನೆ ಮಂಗಳವಾರವೂ ದಿನದ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಒಬ್ಬನಿಗೆ ಕೊಂಕು ಮಾತಾಡಿದೆ, ಆಮೇಲೆ ಕಾಲ್ ಮಾಡಿ ಸಾರಿ ಕೇಳೋಕೆ ಸಂಜೆವರೆಗೂ ಒದ್ದಾಡಿದೆ. ಗುರುವಾರ ಆ ಹುಡುಗಿ ಪರವಾಗಿ ನಾನೂ ಬಾಯಿ ತೆಗೆಯಲಿಲ್ಲ. ಹತ್ತೊಂಬತ್ತು ಜನರಲ್ಲಿ ನಾನೂ ಒಬ್ಬಳು.

ಬಿಲ್ ಕೊಟ್ಟು ಹೊರಗೆ ಬರುವಾಗ ಆ ಹುಡುಗ ಮತ್ತೆ ಹೊರಟಿದ್ದ. ಬೆರಳಿಗೆ ಹಳದಿ ಬರ್ನಾಲ್. ಟ್ರೇನಲ್ಲಿ ನಾಲ್ಕೇ ಲೋಟ. ಸೂಪರ್‌ವೈಸರ್ ಚಿಲ್ಲರೆ ಎಣಿಸುತ್ತಲೇ ಒಮ್ಮೆ ತಲೆ ಎತ್ತಿ ಲೋಟಗಳನ್ನೂ ಎಣಿಸಿದರು. ಏನೂ ಹೇಳಲಿಲ್ಲ.