ಪಕ್ಕದ ಮನೆಯ ಆಡು

‘ಓದದಿದ್ದರೆ ಆಡು ಮೇಯಿಸಲು ಹೋಗಬೇಕಾಗುತ್ತದೆ’ ಎಂದು ಬೈದು ಬೈದೇ ನಮ್ಮಪ್ಪ ನನ್ನನ್ನು ಎಂಜಿನಿಯರ್ ಮಾಡಿದರು. ಓದಿದೆ, ಅಮೆರಿಕ ಸೇರಿದೆ, ಮಿಷಿಗನ್ನಿನಲ್ಲಿ ಸಾಲದ ಮನೆಯನ್ನೂ ಕೊಂಡೆ. ಕೊನೆಗೆ ನಲವತ್ತಾರನೆಯ ವಯಸ್ಸಿನಲ್ಲಿ ಮೂರು ವಾರ ಆಡು ಮೇಯಿಸಿದೆ.

ಆಡು ಪಕ್ಕದ ಮನೆಯ ಅಜ್ಜನದು. ಕೆನೆ ಬಣ್ಣದ, 1966ರ ಪಾಂಟಿಯಾಕ್ ಜಿಟಿಒ ಕಾರು. ಈ ಮೂರು ಅಕ್ಷರಗಳನ್ನು ತಿರುಚಿ ಇಲ್ಲಿಯವರು ಅದನ್ನು ಮುದ್ದಿನಿಂದ ‘ಗೋಟ್’ ಎನ್ನುತ್ತಾರೆ. ಹೆಸರಿಟ್ಟವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಸರಿಯಾಗಿಯೇ ಇಟ್ಟಿದ್ದಾರೆ. ಆಡು ಮುಟ್ಟದ ಸೊಪ್ಪಿಲ್ಲ. ಇದು ಮುಟ್ಟದ ಪೆಟ್ರೋಲ್ ಬಂಕ್ ಇಲ್ಲ. 6.4 ಲೀಟರಿನ ವಿ8 ಎಂಜಿನ್, ಅದಕ್ಕೆ ಉಣಿಸಲು ಸಾಲಾಗಿ ಮೂರು ಕಾರ್ಬುರೇಟರ್, 360 ಅಶ್ವಶಕ್ತಿ. ಲೀಟರಿಗೆ ಐದು ಕಿಲೋಮೀಟರ್ ಹೋಯಿತೆಂದರೆ ಅಜ್ಜ ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಹೊಸದಾಗಿ ಕೊಂಡಾಗ ಅವರಿಗೆ ಇಪ್ಪತ್ತೊಂದು. ಆಮೇಲೆ ಮದುವೆಯಾಯಿತು, ಮಕ್ಕಳಾದರು, ಮಕ್ಕಳು ದಿಕ್ಕಿಗೊಬ್ಬರಾದರು, ಹೆಂಡತಿ ತೀರಿಕೊಂಡರು. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ಮುಗಿದುಹೋಯಿತು. ಆಡು ಮಾತ್ರ ಗ್ಯಾರೇಜಿನಲ್ಲಿ ಹಾಗೇ ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು ನಮ್ಮದು. ಉಪ್ಪು ತಗುಲಿದರೆ ತಗಡು ತುಕ್ಕು ಹಿಡಿಯುತ್ತದೆಂದು ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ಹೊಸಿಲು ದಾಟುವುದಿಲ್ಲ. ಆಗಸ್ಟಿನ ಮೂರನೆಯ ಶನಿವಾರ ಮಾತ್ರ ವುಡ್‌ವರ್ಡ್ ಅವೆನ್ಯೂಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಅಂದು ಅಲ್ಲಿ ಹಳೆಯ ಕಾರುಗಳ ಜಾತ್ರೆ. ಅರವತ್ತರ ದಶಕದಲ್ಲಿ ಅದೇ ರಸ್ತೆಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದವರು ಈಗ ಮಡಿಸುವ ಕುರ್ಚಿಗಳಲ್ಲಿ ಕುಳಿತು ಸೊಂಟನೋವಿನ ವಿಷಯ ಮಾತನಾಡುತ್ತಾರೆ.

ಅಕ್ಟೋಬರಿನಲ್ಲಿ ಅಜ್ಜನಿಗೆ ಮಂಡಿಯ ಶಸ್ತ್ರಚಿಕಿತ್ಸೆ. ಹೋಗುವ ಮುನ್ನ ನನ್ನ ಕೈಗೆ ಕೀಲಿಯನ್ನೂ ಎರಡು ಪುಟಗಳ ಸೂಚನೆಯನ್ನೂ ಕೊಟ್ಟರು. ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲು ತೆರೆದು ಎಂಜಿನ್ ಓಡಿಸಬೇಕು. ಬಣ್ಣ ಕಾರ್ಖಾನೆಯಲ್ಲಿ ಬಳಿದದ್ದು, ಬೆರಳು ಸೋಕಿಸಬಾರದು. ‘ಮಗಳ ಮದುವೆಯಲ್ಲಿ ಅಳಿಯನಿಗೂ ನಾನು ಇಷ್ಟು ಹೇಳಿರಲಿಲ್ಲ’ ಎಂದರು.

ಮೊದಲ ಶನಿವಾರವೇ ಎಡವಟ್ಟಾಯಿತು. ಆಕ್ಸಿಲರೇಟರನ್ನು ಎರಡು ಸಲ ಒತ್ತು ಎಂದು ಬರೆದಿತ್ತು. ನಾನೋ, ಸೀಮೆಎಣ್ಣೆ ಸ್ಟೌವಿಗೆ ಗಾಳಿ ಹೊಡೆದಂತೆ ಒತ್ತಿದೆ. ಗ್ಯಾರೇಜೆಲ್ಲ ಪೆಟ್ರೋಲ್ ವಾಸನೆ; ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಮಂಡಿ ಹೇಗಿದೆ ಎಂದು ಕೇಳುವಷ್ಟರಲ್ಲಿ ಅಜ್ಜನೇ ‘ಆಡು ಹೇಗಿದೆ?’ ಎಂದರು. ಮೊಬೈಲನ್ನು ಬಾನೆಟ್ಟಿನ ಹತ್ತಿರ ಹಿಡಿದು ಕೀಲಿ ತಿರುಗಿಸಿದೆ.

‘ಪೆಟ್ರೋಲ್ ಹೆಚ್ಚು ಕುಡಿಸಿದ್ದೀಯ. ಪೆಡಲನ್ನು ಪೂರ್ತಿ ಕೆಳಕ್ಕೆ ಒತ್ತಿ ಹಿಡಿ, ಅಲುಗಾಡಿಸಬೇಡ, ಈಗ ತಿರುಗಿಸು.’

ಆಡು ಸಿಂಹದಂತೆ ಗರ್ಜಿಸಿತು. ಊರಿನಿಂದ ಬಂದಿದ್ದ ನಮ್ಮಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಓಡಿ ಬಂದು, ‘ಬಾಯ್ಲರ್ ಸಿಡಿಯಿತೇನೋ?’ ಎಂದಳು. ಫೋನಿನ ಆ ಕಡೆ ಸದ್ದಿಲ್ಲ. ಸಂಪರ್ಕ ಕಡಿಯಿತೆಂದುಕೊಂಡೆ. ಆಮೇಲೆ ಅಜ್ಜನ ದನಿ ಬಂತು: ‘ಇನ್ನೊಂದು ನಿಮಿಷ ಹಾಗೇ ಹಿಡಿದುಕೊಂಡಿರು.’

ಎರಡನೆಯ ವಾರ ಆಯುಧಪೂಜೆ ಬಂತು. ಕಚೇರಿಯಿಂದ ಬರುವಷ್ಟರಲ್ಲಿ ಅಮ್ಮ ಪಕ್ಕದ ಗ್ಯಾರೇಜಿಗೂ ಹೋಗಿ ಬಂದಿದ್ದಳು. ನಮ್ಮ ವ್ಯಾನಿಗೆ ಒಂದು ಹೂವು, ಆಡಿಗೆ ಹಾರ. ಅದರ ಕೆನೆ ಬಣ್ಣದ ಹಣೆಯ ಮೇಲೆ, ನೀರಿನಲ್ಲಿ ಕಲಸಿದ ಅರಿಶಿನ, ನಡುವೆ ಕುಂಕುಮ. ನನ್ನ ಜಂಘಾಬಲ ಉಡುಗಿತು.

‘ಯಜಮಾನರು ಆಸ್ಪತ್ರೆಯಲ್ಲಿದ್ದಾರೆಂದು ಗಾಡಿಯ ಪೂಜೆ ತಪ್ಪಿಸುವುದೇ? ಅವರ ಕಾಲು ನೆಟ್ಟಗಾಗುವುದು ಬೇಡವೇ?’

ಈ ತರ್ಕಕ್ಕೆ ಉತ್ತರವಿಲ್ಲ. ಚಕ್ರಗಳ ಹಿಂದೆ ನಾಲ್ಕು ನಿಂಬೆಹಣ್ಣು ಬೇರೆ ಇಟ್ಟಿದ್ದಳು. ಅವನ್ನು ತುಳಿಸದೆ ಬಿಡುವಂತಿಲ್ಲ. ಒಂದಡಿ ಹಿಂದಕ್ಕೆ ತೆಗೆದರೆ ಸಾಕಿತ್ತು. ಆದರೆ ಆ ಕ್ಲಚ್ ಒತ್ತಲು ಗರಡಿಮನೆಯ ಕಾಲು ಬೇಕು, ನನ್ನದು ಕಂಪ್ಯೂಟರಿನ ಮುಂದೆ ಕುಳಿತ ಕಾಲು. ಕಾಲು ಜಾರಿತು, ಆಡು ನೆಗೆಯಿತು. ನಾಲ್ಕೂ ನಿಂಬೆಹಣ್ಣು ಪಚಕ್ಕೆಂದವು. ಕಸದ ಡಬ್ಬಿಗೆ ಇನ್ನೊಂದು ಗೇಣಿದೆ ಎನ್ನುವಾಗ ಎಂಜಿನ್ ತಾನಾಗಿಯೇ ಆರಿ ಕಾರು ನಿಂತಿತು.

‘ನೋಡಿದೆಯಾ, ಪೂಜೆ ಮಾಡಿದ್ದಕ್ಕೇ ನಿಂತಿತು’ ಎಂದಳು ಅಮ್ಮ.

ಅಂದು ರಾತ್ರಿ ಹನ್ನೆರಡರವರೆಗೆ ಟಾರ್ಚ್ ಹಿಡಿದು, ಮಗುವಿನ ಶಾಂಪೂ ಹಾಕಿ ಒರೆಸಿದೆ. ಕುಂಕುಮ ಹೋಯಿತು. ಅರಿಶಿನ ಹೋಗುತ್ತದೆಯೇ? ಓರೆಯಾಗಿ ನೋಡಿದರೆ ಮದುಮಗಳ ಕೆನ್ನೆಯಂತೆ ತೆಳುವಾಗಿ ಕಾಣುತ್ತಿತ್ತು. ಅಜ್ಜ ಓರೆಯಾಗಿ ನೋಡದಿರಲಿ ಎಂದು ಮನೆದೇವರಿಗೆ ಕೈಮುಗಿದು ಮಲಗಿದೆ.

ಮೂರನೆಯ ವಾರ ಅಜ್ಜ ವಾಕರ್ ಹಿಡಿದು ಬಂದರು. ಸ್ವಂತ ಮನೆಯ ಬಾಗಿಲು ತೆಗೆಯುವ ಮೊದಲೇ ಗ್ಯಾರೇಜಿಗೆ ನಡೆದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಬಾನೆಟ್ಟಿನ ಮುಂದೆ ನಿಂತರು, ತಲೆ ಓರೆ ಮಾಡಿದರು. ನನ್ನ ಉಸಿರು ನಿಂತಿತು. ಏನೂ ಹೇಳದೆ ಮುಂದಕ್ಕೆ ಹೋದರು. ಹಿಂದಿನ ಚಕ್ರದ ಬಳಿ ಮತ್ತೆ ನಿಂತು, ಬಗ್ಗಲಾರದೆ, ಟೈರಿನ ಗೀರಿನ ಕಡೆ ಬೆರಳು ತೋರಿಸಿದರು. ಅಲ್ಲಿ ಸಿಕ್ಕಿಕೊಂಡಿದ್ದ, ಒಣಗಿ ಕಂದುಬಣ್ಣಕ್ಕೆ ತಿರುಗಿದ ಒಂದು ಚೂರನ್ನು ನಾನೇ ಕಿತ್ತು ಕೊಡಬೇಕಾಯಿತು.

ಅಜ್ಜ ಕನ್ನಡಕ ಏರಿಸಿ ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು, ಮೂಸಿದರು. ಮುಖದಲ್ಲಿ ನಿಜವಾದ ಆತಂಕವಿತ್ತು.

‘ಇಷ್ಟು ವರ್ಷದಲ್ಲಿ ಇದರ ಒಂದೊಂದು ಬಿಡಿಭಾಗವನ್ನೂ ನಾನೇ ಬಿಚ್ಚಿ ಜೋಡಿಸಿದ್ದೇನೆ. ಇದು ಎಲ್ಲಿಂದ ಕಳಚಿ ಬಿತ್ತು?’