ಕೂರುವುದಕ್ಕೂ ಕಾಸು

ರೋಮಿನಲ್ಲಿ ನೋಡುವುದು ಬಹುಪಾಲು ಪುಕ್ಕಟೆ. ಕಾಸು ಬೀಳುವುದು ಕೂರುವುದಕ್ಕೆ.

ಹೋಗಿಬಂದವರೆಲ್ಲ ಹೇಳುವುದು ಒಂದೇ, ‘ಹಳೇ ಊರನ್ನು ನಡೆದೇ ನೋಡಿ’ ಅಂತ. ಸರಿಯೇ. ಸ್ಪ್ಯಾನಿಷ್ ಸ್ಟೆಪ್ಸ್‌ನಿಂದ ಟ್ರೆವಿ ಕಾರಂಜಿ, ಅಲ್ಲಿಂದ ಪ್ಯಾಂಥಿಯನ್, ಅಲ್ಲಿಂದ ಪಿಯಾಝಾ ನವೋನಾ, ಎಲ್ಲವೂ ಹತ್ತಿರ ಹತ್ತಿರ. ಆದರೆ ಕಾಲಡಿಯ ಕಲ್ಲಿನ ವಿಷಯ ಯಾರೂ ಹೇಳಿರುವುದಿಲ್ಲ. ‘ಸಾಂಪಿಯೆತ್ರೀನಿ’ ಅಂತ ಅದರ ಹೆಸರು. ಅಂಗೈಯಗಲದ ಕಪ್ಪು ಕಲ್ಲು, ನೆತ್ತಿ ಸ್ವಲ್ಪ ಉಬ್ಬು, ನಡುವೆ ಬೆರಳು ಹೋಗುವಷ್ಟು ಸಂದು. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಕಲ್ಲೂ ಅಂಗಾಲಿಗೆ ತನ್ನ ಪರಿಚಯ ಹೇಳಿಕೊಂಡಿರುತ್ತದೆ.

ಆಮೇಲೆ ಶುರುವಾಗುತ್ತದೆ ಕೂರುವ ಜಾಗದ ಹುಡುಕಾಟ. ಸ್ಪ್ಯಾನಿಷ್ ಸ್ಟೆಪ್ಸ್‌ನಲ್ಲಿ 135 ಮೆಟ್ಟಿಲುಗಳಿವೆ. ಹೆಸರು ಸ್ಪೇನಿನದು, 1720ರ ದಶಕದಲ್ಲಿ ಕಟ್ಟಿಸಿದ ದುಡ್ಡು ಫ್ರೆಂಚರದು, ಅದಿರಲಿ. ಇಷ್ಟು ಮೆಟ್ಟಿಲು ಕಂಡ ಮೇಲೆ ಕೂರಬೇಕು ಅನ್ನಿಸುವುದು ಸಹಜ ಅಲ್ವಾ? 2019ರಿಂದ ಅದು ಅಪರಾಧ. ಕೂತರೆ 250 ಯೂರೋ ದಂಡ. ನಾವು ಹೋದಾಗ ಒಬ್ಬ ಹುಡುಗ ಶೂ ಲೇಸು ಕಟ್ಟಲು ಬಗ್ಗಿದ, ಸೊಂಟ ಇನ್ನೂ ಕಲ್ಲಿಗೆ ತಾಗಿರಲಿಲ್ಲ, ಪೀಪೀ ಅಂತ ಪೊಲೀಸ್ ಸೀಟಿ. ಪಾಪ, ಅರ್ಧ ಕಟ್ಟಿದ ಲೇಸಿನಲ್ಲೇ ಕುಂಟುತ್ತಾ ಇಳಿದ.

ಕಾಫಿ ಕುಡಿಯುವ ನೆಪದಲ್ಲಿ ಕೂರೋಣ ಎಂದರೆ ಅದಕ್ಕೂ ಎರಡು ರೇಟು. ಕೌಂಟರಿಗೆ ಒರಗಿ ನಿಂತು ಕುಡಿದರೆ ಒಂದೂವರೆ ಯೂರೋದೊಳಗೆ ಮುಗಿಯುತ್ತದೆ. ಅದೇ ಕಾಫಿಯನ್ನು ಅದೇ ಲೋಟದಲ್ಲಿ ಚೌಕದ ಕಡೆ ಮುಖ ಮಾಡಿದ ಕುರ್ಚಿಯಲ್ಲಿ ಕೂತು ಕುಡಿದರೆ ಮೂರು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಊರಿನವರು ಒಳಗೆ ಬಂದು, ಎರಡು ಗುಟುಕಿಗೆ ಲೋಟ ಖಾಲಿ ಮಾಡಿ, ಮಾತು ಮುಗಿಯುವ ಮೊದಲೇ ಬೀದಿಗಿಳಿದಿರುತ್ತಾರೆ. ಹೊರಗಿನ ಕುರ್ಚಿಗಳಲ್ಲಿ ಬರೀ ನಮ್ಮಂಥವರು.

ನೀರಿನ ವಿಷಯದಲ್ಲಿ ಮಾತ್ರ ರೋಮ್ ಧಾರಾಳಿ. ಬೀದಿಬೀದಿಗೂ ‘ನಸೋನೆ’ ಎಂಬ ಬೀಡುಕಬ್ಬಿಣದ ನಲ್ಲಿ. ಬಾಗಿದ ಮೂಗಿನಂಥ ಕೊಳವೆಯಿಂದ ತಣ್ಣನೆ ನೀರು ಹಗಲೂ ರಾತ್ರಿ ಸುರಿಯುತ್ತದೆ. ಮೂಗಿನ ಮೇಲೆ ಸಣ್ಣ ತೂತು. ಕೆಳಗೆ ಬೆರಳು ಒತ್ತಿದರೆ ನೀರು ಆ ತೂತಿನಿಂದ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಇದನ್ನೂ ನಿಂತೇ ಕುಡಿಯಬೇಕು ಅನ್ನಿ.

ಕೊನೆಗೆ ಕೈಹಿಡಿಯುವುದು ಚರ್ಚುಗಳು. ದೇವರ ದರ್ಶನವಾದ ಮೇಲೆ ಜಗಲಿಯಲ್ಲಿ ಒಂದು ಗಳಿಗೆ ಕೂತು ಏಳಬೇಕು ಅನ್ನುತ್ತಾರಲ್ಲ ನಮ್ಮಲ್ಲಿ, ಅದೇ ಇಲ್ಲೂ ಅಂದುಕೊಂಡು ಪ್ಯಾಂಥಿಯನ್ ಹತ್ತಿರದ ಸಂತ್ ಇಗ್ನಾಜಿಯೋ ಹೊಕ್ಕೆವು. ಟಿಕೆಟ್ ಇಲ್ಲ. ಮರದ ಬೆಂಚು. ಆಹಾ! ಕತ್ತೆತ್ತಿದರೆ ದೊಡ್ಡ ಗುಮ್ಮಟ, ಸಾಲು ಕಂಬಗಳು, ಕಮಾನುಗಳು. ಎಲ್ಲ ಸುಳ್ಳು. ಅಲ್ಲಿ ಗುಮ್ಮಟವೇ ಇಲ್ಲ. ಕಟ್ಟುವುದು ಆಗಲಿಲ್ಲ ಅಂತ 1685ರಲ್ಲಿ ಆಂದ್ರೆಯಾ ಪೊಝ್ಝೋ ಎಂಬ ಜೆಸ್ಯೂಟ್ ಸನ್ಯಾಸಿ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಅಲ್ಲಿ ಕೂರಿಸಿಬಿಟ್ಟ. ಎಲ್ಲಿ ನಿಂತು ನೋಡಬೇಕು ಅನ್ನುವುದಕ್ಕೆ ನೆಲದಲ್ಲಿ ದುಂಡನೆಯ ಕಲ್ಲಿನ ಗುರುತಿದೆ. ಅದರ ಮೇಲೆ ನಿಂತರೆ ಗುಮ್ಮಟ ನೆಟ್ಟಗಿರುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಕಂಬಗಳೆಲ್ಲ ಒಂದು ಕಡೆಗೆ ವಾಲತೊಡಗುತ್ತವೆ. ಜನ ಮಾತ್ರ ಸೆಲ್ಫಿಗೆಂದು ಇಟ್ಟ ಕನ್ನಡಿಯ ಮುಂದೆ ಕ್ಯೂ ನಿಂತಿದ್ದರು. ಬೆಂಚುಗಳು ಖಾಲಿ. ನಮಗೆ ಅದೇ ಬೇಕಿತ್ತು.

“ರೀ, ನಾಳೆ ವ್ಯಾಟಿಕನ್‌ನಲ್ಲಿ ಕೂರೋಕೆ ಏನಾದ್ರೂ ಇದೆಯಾ?” ನಮ್ಮವಳು ಕಾಲು ಒತ್ತಿಕೊಳ್ಳುತ್ತಾ ಕೇಳಿದಳು.

“ಸಿಸ್ಟೀನ್ ಚಾಪೆಲಿನಲ್ಲಿ ಗೋಡೆ ಪಕ್ಕ ಬೆಂಚು ಇದೆಯಂತೆ. ಯಾವಾಗಲೂ ಭರ್ತಿ” ಅಂದೆ. ಸುಮ್ನಿರಲಾರದೆ, ಅಲ್ಲಿನ ಛಾವಣಿಯನ್ನು ಮೈಕೆಲೆಂಜೆಲೋ ಮಲಗಿಕೊಂಡು ಬರೆದ ಅನ್ನುವುದು ಸುಳ್ಳು, 1508ರಿಂದ 1512ರ ತನಕ ಅಟ್ಟಣಿಗೆ ಮೇಲೆ ಕತ್ತೆತ್ತಿ ನಿಂತೇ ಬರೆದದ್ದು ಅಂತಲೂ ಸೇರಿಸಿದೆ.

“ಅಯ್ಯೋ, ಅವನಿಗೂ ಜಾಗ ಸಿಗಲಿಲ್ವಾ?” ಅಂದಳು.